ತೂಕ ಅಷ್ಟೇ ಇದೆ, ಹೊಟ್ಟೆ ಮಾತ್ರ ಬಂದಿದೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ತೀರ್ಥಹಳ್ಳಿ ಕಡೆಯವರು, ವಯಸ್ಸು 61. ಹದಿನೈದು ವರ್ಷದ ಹಿಂದೆ ಅಡಿಕೆ ಗೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಶಿವಮೊಗ್ಗಕ್ಕೆ ನನ್ನ ಹತ್ತಿರ ತೋರಿಸಲು ಕರೆತಂದ ಮಗನಿಗೆ ಅಪ್ಪ ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಆಡಲಿ ಅಂತ ಆಸೆ. ಹೆಂಡತಿಯದು ಬೇರೆ ದೂರು: "ಕೂತು ಕೂತು ಸೋಮಾರಿ ಆಗಿದ್ದಾರೆ. ಹೊಟ್ಟೆ ನೋಡಿ ಮೇಡಂ!"

"ತೂಕ ಮೊದಲಿನಷ್ಟೇ ಇದೆ ಮಾರಾಯ್ರೆ, 64 ಕೆಜಿ" ಅಂದರು ಅವರು, ನೆಲ ನೋಡುತ್ತಾ.

ಅವರು ಹೇಳಿದ್ದು ಸುಳ್ಳಲ್ಲ. ಬಳಕೆಯಿಲ್ಲದ ಕಾಲಿನ ಮಾಂಸಖಂಡ ಕರಗುತ್ತದೆ, ಮೈಯಲ್ಲಿ ಕೊಬ್ಬು ತುಂಬುತ್ತದೆ. ತಕ್ಕಡಿಗೆ ಎರಡೂ ಒಂದೇ. ಎತ್ತರ 168 ಸೆಂ.ಮೀ., ಅಂದರೆ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 22.7. ನಡೆದಾಡುವವರಿಗೆ ಇದು ಪರವಾಗಿಲ್ಲ ಅನ್ನುವ ಅಂಕಿ. ಬೆನ್ನುಹುರಿ ಪೆಟ್ಟಾದವರಲ್ಲಿ 22 ದಾಟಿದರೇ ಬೊಜ್ಜು ಎಂದು ನೋಡಬೇಕು ಅನ್ನುತ್ತಾರೆ ತಜ್ಞರು. ಊಟ ಕರಗಿಸುವ ಖಂಡ ಕಡಿಮೆಯಾಗಿದೆ, ತಟ್ಟೆ ಮಾತ್ರ ಮರ ಹತ್ತುತ್ತಿದ್ದ ಕಾಲದ್ದೇ. ಬೆಳಿಗ್ಗೆ ಆರು ಕಡುಬು!

ಉಳಿದವರನ್ನು ಹೊರಗೆ ಕೂರಿಸಿದ ಮೇಲೆ ನಿಜ ಸಂಗತಿ ಬಂತು. ಎರಡು ವರ್ಷದ ಹಿಂದೆ ಒಂದು ಮದುವೆಯಲ್ಲಿ, ಮೂತ್ರ ಹಿಡಿಯಲು ಹೊರಗೆ ಹಾಕಿಕೊಳ್ಳುವ ಚೀಲ ಸೋರಿತ್ತು. ಆಮೇಲೆ ಇವರು ಮನೆ ಬಿಟ್ಟು ಹೊರಟಿಲ್ಲ. ನೀರನ್ನೂ ಕಡಿಮೆ ಮಾಡಿದ್ದಾರಂತೆ. ಹೊಟ್ಟೆಗಿಂತ ನನಗೆ ಇದರ ಭಯವೇ ಜಾಸ್ತಿ, ಸೋಂಕು, ಕಲ್ಲು ಎರಡಕ್ಕೂ ದಾರಿ. ಹೊರಡುವ ಮೊದಲು ಚೀಲ ಖಾಲಿ ಮಾಡಿ, ಇನ್ನೊಂದು ಜೊತೆಗಿರಲಿ, ಎಷ್ಟು ನೀರು ಬೇಕೆಂದು ಮೂತ್ರರೋಗ ತಜ್ಞರನ್ನೇ ಕೇಳಿ ಅಂದೆ.

ಹೆಂಡತಿಗೆ 'ಸೋಮಾರಿ' ಅನ್ನುವ ಮಾತು ಬಿಡಿ ಅಂದೆ. ಕಡುಬು ಮೂರು ಸಾಕು, ಜೊತೆಗೆ ಕಾಳಿನ ಪಲ್ಯವೋ ಮೊಟ್ಟೆಯೋ ಇರಲಿ. ಆಟ ಆಡಿದರೆ ಏನು ಬೇಕಾದರೂ ತಿನ್ನಬಹುದು ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಕೈಯ ಖಂಡ ಚಿಕ್ಕದು, ಅದು ಸುಡುವುದೂ ಕಡಿಮೆ.

ಮಗನಿಗೆ ಬ್ಯಾಸ್ಕೆಟ್‌ಬಾಲ್ ಸದ್ಯ ಬೇಡ ಅಂದೆ. ಅಪ್ಪನ ಬಲಭುಜ ಆಗಲೇ ನೋಯುತ್ತಿದೆ. ಹಾಸಿಗೆಯಿಂದ ಚೇರ್‌ಗೆ ದಾಟಲೂ ಅದೇ ಭುಜ ಬೇಕಲ್ವಾ? ಫಿಸಿಯೋಥೆರಪಿಸ್ಟ್ ನೋಡಿದ ಮೇಲೆ ವಾರಕ್ಕೆ 3 ದಿನ, 30 ನಿಮಿಷ, ಉಸಿರು ಏರುವಷ್ಟು ಕೈಪೆಡಲ್ (ಕೈಯಲ್ಲಿ ತಿರುಗಿಸುವ ಪೆಡಲ್). ನಮ್ಮ ಮಳೆಗಾಲದಲ್ಲಿ ಜಗಲಿಯಲ್ಲೇ ಆಗುತ್ತದೆ. 2 ದಿನ ರಬ್ಬರ್ ಪಟ್ಟಿ ಎಳೆಯುವುದು. ಜನರ ಜೊತೆ ಸೇರಲು ಟೇಬಲ್ ಟೆನಿಸ್. ಆಡಿ ಬಂದ ಮೇಲೆ ಕನ್ನಡಿ ಹಿಡಿದು ಕುಂಡಿಯ ಚರ್ಮ ನೋಡಲೇಬೇಕು. ಅಲ್ಲಿ ಗಾಯವಾದರೂ ಅವರಿಗೆ ಗೊತ್ತಾಗಲ್ಲ.

ಮೂರು ತಿಂಗಳಿಗೆ ಮತ್ತೆ ಬಂದರು. ತೂಕ 63, ಸೊಂಟದ ಸುತ್ತಳತೆ 4 ಸೆಂ.ಮೀ. ಇಳಿದಿತ್ತು. ಅದನ್ನು ಹೇಳಲು ಅವರು ಬಿಡಲೇ ಇಲ್ಲ, ಬರೀ ಟೇಬಲ್ ಟೆನಿಸ್ ಮಾತು. ವೀಲ್‌ಚೇರ್‌ನವರಿಗೆ ಸರ್ವ್ ಮಾಡಿದ ಚೆಂಡು ಅವರ ಕಡೆ ಪುಟಿದು ಟೇಬಲ್‌ನ ಪಕ್ಕದಿಂದ ಹೊರಹೋದರೆ, ಸಿಂಗಲ್ಸ್‌ನಲ್ಲಿ ಮತ್ತೆ ಸರ್ವ್ ಮಾಡಬೇಕು, ಅದೇ ರೂಲ್ಸ್. ಪಕ್ಕದ ಮನೆ ಹುಡುಗ ಒಪ್ಪುವುದೇ ಇಲ್ಲವಂತೆ.