ತೇಲುವ ಪೆನ್ನಿಗೆ ಪೈಲಟ್ ಯಾಕೆ ಹೆದರಬೇಕು?

ಪ್ರಶ್ನೆ: ವಿಮಾನದಲ್ಲಿ ತೂಕವಿಲ್ಲದಂತಾದಾಗ ಒಂದು ಪೆನ್ನೋ ಬಾಟಲಿಯೋ ತೇಲಿದರೆ ಏನು ಮಹಾ ಅಪಾಯ?

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬಸ್ಸಿನ ಕೊನೇ ಸೀಟಲ್ಲಿ ಹೋಗಿದ್ದೀರಾ? ಹಂಪ್ ಹಾರಿದಾಗ ಹೊಟ್ಟೆಯೊಳಗೆ ಜುಂ ಅನ್ನುತ್ತದೆ, ಕಾಲ ಹತ್ತಿರ ಇಟ್ಟ ಚೀಲದಿಂದ ನಾಲ್ಕು ಅಡಿಕೆ ಎಗರಿ ಸೀಟಿನಡಿ ಉರುಳಿಹೋಗುತ್ತವೆ, ಅಲ್ವಾ? ಇದೂ ಅದೇ. ಬಸ್ಸಲ್ಲಿ ಅರೆಕ್ಷಣ, ತೂಕವಿಲ್ಲದ ಸ್ಥಿತಿಗೆಂದೇ ಕಮಾನಿನ ಹಾಗೆ ಹಾರುವ ವಿಮಾನದಲ್ಲಿ 20 ಸೆಕೆಂಡಿಗೂ ಜಾಸ್ತಿ.

ತೇಲುವುದು ಅಪಾಯವಲ್ಲ, ಆಮೇಲೆ ಎಲ್ಲಿ ಹೋಗಿ ಕೂರುತ್ತದೆ ಅನ್ನುವುದೇ ಅಪಾಯ. ವಿಮಾನದ ಮೂತಿಯನ್ನು ಎಡಕ್ಕೆ-ಬಲಕ್ಕೆ ತಿರುಗಿಸಲು ಕಾಲಲ್ಲಿ ತುಳಿಯುವ ರಡ್ಡರ್ ಪೆಡಲ್ ಹಿಂದೆ ಆ ಪೆನ್ನು ಸಿಕ್ಕಿಕೊಂಡರೆ ಪೈಲಟ್ ಎಷ್ಟು ತುಳಿದರೂ ಪೆಡಲ್ ಪೂರ್ತಿ ಹೋಗುವುದಿಲ್ಲ. ಇನ್ನು ವಿಮಾನವನ್ನು ಮತ್ತೆ ಮೇಲೆತ್ತುವಾಗ ಎಲ್ಲದರ ಭಾರ ಸುಮಾರು 1.8 ಪಟ್ಟಾಗುತ್ತದೆ. ತಲೆ ಮೇಲೆ ತೇಲುತ್ತಿದ್ದ ಸ್ಟೀಲ್ ಡಬ್ಬಿ ಆಗ ಸುಮ್ನೆ ಕೆಳಗಿಳಿಯುವುದಿಲ್ಲ, ಬಡಿಯುತ್ತದೆ.

2014ರ ಫೆಬ್ರವರಿಯಲ್ಲಿ ಬ್ರಿಟನ್ ವಾಯುಪಡೆಯ ವಾಯೇಜರ್ ವಿಮಾನದಲ್ಲಿ ಇದು ಉಲ್ಟಾ ಆಯಿತು: ಮೊದಲು ವಸ್ತು ಸಿಕ್ಕಿಕೊಂಡಿತು, ತೇಲಾಟ ಆಮೇಲೆ. ಕ್ಯಾಪ್ಟನ್ ಪಕ್ಕದಲ್ಲಿಟ್ಟಿದ್ದ ಕ್ಯಾಮೆರಾ, ಸೀಟು ಮುಂದೆ ಸರಿಸಿದಾಗ ಸೀಟಿನ ಕೈಗೂ ಸೈಡ್‌ಸ್ಟಿಕ್‌ಗೂ (ವಿಮಾನವನ್ನು ಏರಿಸಿ ಇಳಿಸುವ ಕೋಲು) ನಡುವೆ ಸಿಕ್ಕಿ ಸ್ಟಿಕ್ಕನ್ನು ಮುಂದಕ್ಕೆ ಒತ್ತಿಬಿಟ್ಟಿತು. ವಿಮಾನ 27 ಸೆಕೆಂಡಿನಲ್ಲಿ 4,400 ಅಡಿ ಕೆಳಗೆ ಬಂತು. ಹೆಚ್ಚುಕಡಿಮೆ ನಮ್ಮ ಕೊಡಚಾದ್ರಿಯ ಎತ್ತರ! ಬೆಲ್ಟ್ ಹಾಕದವರು ಚಾವಣಿಗೆ ಬಡಿದರು. ಕಾಕ್‌ಪಿಟ್‌ನಿಂದ ಹೊರಗಿದ್ದ ಕೋ-ಪೈಲಟ್ ಕೂಡ ತೇಲಿಕೊಂಡೇ ಒಳಗೆ ಸೇರಿದ.

ಅದಕ್ಕೇ ಪಲ್ಟಿ ಹೊಡೆಸುವ ಪೈಲಟ್‌ಗಳು ಹತ್ತುವ ಮೊದಲು ಜೇಬು ಖಾಲಿ ಮಾಡುತ್ತಾರೆ, ಚಿಲ್ಲರೆ ಕಾಸು ಸಮೇತ.