ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೇ ಡಾಟ್ಸನ್ ಝಡ್ ಕಾರು, ಮೊದ್ಲು ಬಾಡಿ ನೋಡಿ

ಪ್ರಶ್ನೆ: ಸರ್, ನಮ್ಮೂರು ದಾವಣಗೆರೆ, ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದೀನಿ. ಇಲ್ಲಿ 1972ರ ಎರಡು ಡಾಟ್ಸನ್ 240 ಝಡ್ ಸೇಲಿಗಿವೆ. ಒಂದಕ್ಕೆ ಹೊಸ ಕಿತ್ತಳೆ ಪೇಂಟ್ ಹೊಡ್ಸಿದಾರೆ, ಇಂಜಿನ್ನೂ ಚೆನ್ನಾಗಿ ಓಡತ್ತೆ. ಇನ್ನೊಂದು ಅರಿಜೋನಾದ ಗಾಡಿಯಂತೆ, ಪೇಂಟೆಲ್ಲಾ ಮಾಸಿದೆ, ಸ್ಟಾರ್ಟೇ ಆಗಲ್ಲ. ಮನೇಲಿ ಎಲ್ರೂ ಮೊದಲನೇದು ತಗೋ ಅಂತಿದಾರೆ.

ಉತ್ತರ: ಮೊದಲನೇದಕ್ಕೆ ಅಡ್ವಾನ್ಸ್ ಕೊಡೋ ಮುಂಚೆ ಎರಡನೇದನ್ನ ಹೋಗಿ ನೋಡ್ಕೊಂಡು ಬನ್ನಿ, ಅರಿಜೋನಾ ಒಣ ಹವೆಯ ಜಾಗ, ಅಲ್ಲಿನ ಗಾಡಿಗಳಿಗೆ ತುಕ್ಕು ಕಮ್ಮಿ. ನಿಸಾನ್ ಕಂಪನಿ ಡಾಟ್ಸನ್ ಹೆಸರಲ್ಲಿ ಮಾರಿದ ಈ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ನಾನು ಯಾವಾಗ್ಲೂ ಹೇಳೋದು ಒಂದೇ, ಇಂಜಿನ್ ರಿಪೇರಿ ಮಾಡ್ಬೋದು, ತುಕ್ಕು ಹಿಡಿದ ಬಾಡಿ ಜೇಬು ಖಾಲಿ ಮಾಡತ್ತೆ. ಇದ್ರಲ್ಲಿರೋ ಎಲ್24 ಅನ್ನೋ 2393 ಸಿಸಿ ಆರು ಸಿಲಿಂಡರ್ ಇಂಜಿನ್ ಬಹಳ ಗಟ್ಟಿ, ಗ್ಯಾಸ್ಕೆಟ್, ಬೇರಿಂಗ್, ಪಿಸ್ಟನ್ ರಿಂಗ್ ಎಲ್ಲಾ ಈಗ್ಲೂ ಸಿಗತ್ತೆ, ತೀರಾ ಕೆಟ್ಟೋಗಿದ್ರೆ ಇದರ ನಂತರದ ಮಾದರಿ 280 ಝಡ್‌ನ ಎಲ್28 ಇಂಜಿನ್ ಹೆಚ್ಚು ತಾಪತ್ರಯ ಇಲ್ದೆ ಅದೇ ಜಾಗಕ್ಕೆ ಕೂರತ್ತೆ. ಆದ್ರೆ ಆ ಕಾಲದ ಜಪಾನ್ ಗಾಡಿಗಳಿಗೆ ತುಕ್ಕು ತಡೆಯೋ ಕೆಲಸ ಸರಿಯಾಗಿ ಮಾಡ್ತಿರ್ಲಿಲ್ಲ, ತಗಡೂ ತೆಳು, ಅದಕ್ಕೇ ನೀರು ನಿಂತ ಕಡೆಯೆಲ್ಲಾ ಒಳಗಿಂದ್ಲೇ ತಿಂದ್ಕೊಂಡು ಬರತ್ತೆ, ಮೇಲೆ ಪೇಂಟ್ ಗುಳ್ಳೆ ಏಳೋ ಹೊತ್ತಿಗೆ ಒಳಗೆ ತಗಡೇ ಉಳಿದಿರಲ್ಲ.

ನೋಡೋಕೆ ಹೋಗುವಾಗ ಒಂದು ಸಣ್ಣ ಅಯಸ್ಕಾಂತ, ಟಾರ್ಚು, ಹಳೇ ಬಟ್ಟೆ ತಗೊಂಡೋಗಿ. ಬಾನೆಟ್ ಎತ್ತಿ ಮೊದ್ಲು ಬ್ಯಾಟರಿ ಟ್ರೇ ನೋಡಿ, ಆಸಿಡ್ ಸೋರಿ ಸೋರಿ ಟ್ರೇ ಅಷ್ಟೇ ಅಲ್ಲ ಅದರ ಕೆಳಗಿನ ಚಾಸಿ ರೇಲೂ ಹೋಗಿರತ್ತೆ. ಆಮೇಲೆ ಮುಂದಿನ ಗ್ಲಾಸಿನ ಬುಡದಲ್ಲಿ ಗಾಳಿ ಒಳಗೆ ಹೋಗೋ ಜಾಗ, ಅಲ್ಲಿ ಎಲೆ ಕಸ ಕಟ್ಕೊಂಡು ನೀರು ನಿಲ್ಲತ್ತೆ. ಬಾಗಿಲು ತೆಗೆದು ಕೆಳಗಿನ ಪಟ್ಟಿ, ಬಾಗಿಲಿಗೂ ಹಿಂದಿನ ಚಕ್ರಕ್ಕೂ ನಡುವಿನ ಮೂಲೆ, ಚಕ್ರದ ಕಮಾನು, ಡಿಕ್ಕಿ ಬಾಗಿಲಿನ ಕೆಳ ಅಂಚು, ಸ್ಟೆಪ್ನಿ ಇಡೋ ಗುಂಡಿ, ಇಲ್ಲೆಲ್ಲಾ ಅಯಸ್ಕಾಂತ ಇಟ್ಟು ನೋಡಿ, ಅಂಟದೇ ಜಾರಿದ್ರೆ ಅಲ್ಲಿರೋದು ಪುಟ್ಟಿ, ತಗಡಲ್ಲ. ಕಾರ್ಪೆಟ್ ಎತ್ತೋಕೆ ಬಿಡಲ್ಲ ಅಂದ್ರೆ ಆ ವ್ಯಾಪಾರವೇ ಬೇಡ. ಗಾಡಿ ಕೆಳಗೆ ಮಲಗಿ ಉದ್ದಕ್ಕೆ ಹೋಗೋ ರೇಲ್‌ಗಳನ್ನೂ ನೋಡ್ಲೇಬೇಕು, ಯಾರೋ ತಪ್ಪು ಜಾಗಕ್ಕೆ ಜಾಕ್ ಕೊಟ್ಟು ಚಪ್ಪಟೆ ಮಾಡಿರ್ತಾರೆ, ಚಪ್ಪಟೆ ಆದ ಕಡೆ ನೀರು ಸೇರತ್ತೆ.

ನಂಬರ್‌ಗಳನ್ನೂ ತಾಳೆ ನೋಡಿ. ಚಾಸಿ ನಂಬರ್ ಎಚ್‌ಎಲ್‌ಎಸ್30 ಅಂತ ಶುರುವಾಗಿ ಬಾನೆಟ್ ಒಳಗೆ ಹಿಂದಿನ ಗೋಡೆ ಮೇಲೆ ಕೊರೆದಿರತ್ತೆ, ಇಂಜಿನ್ ನಂಬರ್ ಬ್ಲಾಕ್ ಮೇಲೂ ಇರತ್ತೆ, ಬಾನೆಟ್ ಒಳಗಿನ ಸಣ್ಣ ಪ್ಲೇಟ್ ಮೇಲೂ ಇರತ್ತೆ. ಇನ್ನೊಂದು ಅನುಕೂಲ ಏನಂದ್ರೆ ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಳೇ ಪೆಟ್ರೋಲ್ ಗಾಡಿಗಳಿಗೆ ಸ್ಮಾಗ್ ಟೆಸ್ಟ್, ಅಂದ್ರೆ ಹೊಗೆ ತಪಾಸಣೆ, ಇಲ್ಲ. ಮುಂದೆ ಯಾವಾಗ್ಲಾದ್ರೂ 1976 ಅಥವಾ ಅದರ ನಂತರದ 280 ಝಡ್ ಕಡೆ ಮನಸ್ಸು ಹೋದ್ರೆ ಅದಕ್ಕೆ ಈ ಟೆಸ್ಟ್ ಇದೆ ಅನ್ನೋದು ನೆನಪಿರ್ಲಿ.

ಪ್ರಶ್ನೆ: ನಮ್ಮ 1973ರ 240 ಝಡ್‌ನಲ್ಲಿ ಕಿಟಕಿ ಇಳಿಸಿ ಓಡಿಸಿದ್ರೆ ಒಳಗೆಲ್ಲಾ ಹೊಗೆ ವಾಸನೆ, ಮಗಳಿಗೆ ತಲೆನೋವು ಬರತ್ತೆ. ಯಜಮಾನ್ರು ಹಳೇ ಕಾರಂದ್ರೆ ಹಂಗೇ ಅಂತಾರೆ. — ಸ್ಯಾನ್ ಹೋಸೆಯ ಓದುಗರು

ಉತ್ತರ: ಮೇಡಂ, ಹಂಗೇ ಅಲ್ಲ, ಇದು ಸರಿ ಹೋಗೋವರೆಗೂ ದಯವಿಟ್ಟು ಮಗಳನ್ನ ಆ ಕಾರಲ್ಲಿ ಕೂರಿಸ್ಬೇಡಿ. ಓಡೋವಾಗ ಗಾಡಿಯ ಹಿಂಭಾಗದಲ್ಲಿ ಗಾಳಿಯ ಒತ್ತಡ ಕಮ್ಮಿ ಆಗಿ ಸೈಲೆನ್ಸರ್ ಹೊಗೆ ಅಲ್ಲೇ ಸುತ್ತತಾ ಇರತ್ತೆ, ಕಿಟಕಿ ಇಳಿಸಿದ ತಕ್ಷಣ ಡಿಕ್ಕಿ ಸಂದಿಯಿಂದ ಒಳಗೆ ಎಳ್ಕೊಳ್ಳತ್ತೆ. ವಾಸನೆ ಬರೋದು ಹೊಗೆಯ ಬೇರೆ ಅಂಶದ್ದು, ಜೊತೆಗೆ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಅಪಾಯ ಇರೋದು ಅದ್ರಲ್ಲಿ, ತಲೆನೋವು ಅದರ ಮೊದಲ ಲಕ್ಷಣ ಇರ್ಬೋದು. ಡಿಕ್ಕಿ ಬಾಗಿಲಿನ ರಬ್ಬರ್ ಬೀಡಿಂಗ್ ಹೊಸದು ಹಾಕ್ಸಿ, ಹಿಂದಿನ ಲೈಟ್‌ಗಳನ್ನ ಬಿಚ್ಚಿ ಗ್ಯಾಸ್ಕೆಟ್ ಬದಲಾಯ್ಸಿ, ವೈರ್ ಹೋಗೋ ತೂತುಗಳ ರಬ್ಬರ್ ನೋಡಿ, ಸೈಲೆನ್ಸರ್ ಪೈಪ್ ಎಲ್ಲಾದ್ರೂ ಲೀಕ್ ಇದ್ಯಾ, ಅದರ ಬಾಯಿ ಬಂಪರಿನಿಂದ ಆಚೆ ಬಂದಿದ್ಯಾ ನೋಡಿ. ಪೆಟ್ರೋಲ್ ವಾಸನೆಯೂ ಬಂದ್ರೆ ಅದು ಬೇರೆ ವಿಷಯ, ಹಿಂದಿನ ಪ್ಲಾಸ್ಟಿಕ್ ಪ್ಯಾನೆಲ್ ಒಳಗೆ ಟ್ಯಾಂಕಿನ ಆವಿ ಹೋಗೋ ಹೋಸ್‌ಗಳಿವೆ, ಐವತ್ತು ವರ್ಷಕ್ಕೆ ಎಲ್ಲಾ ಬಿರುಕು ಬಿಟ್ಟಿರ್ತವೆ, ಒಂದನ್ನ ಬದಲಾಯ್ಸಿ ಸುಮ್ಮನಾಗದೆ ಎಲ್ಲಾ ಒಟ್ಟಿಗೇ ಹಾಕ್ಸಿ. ಆಮೇಲೂ ಬ್ಯಾಟರಿಯಲ್ಲಿ ನಡೆಯೋ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನ ಕಾರಲ್ಲಿಟ್ಟು ಓಡಿಸಿ ನೋಡಿ.

ಪ್ರಶ್ನೆ: ಮೆಲ್ಬರ್ನ್‌ನಿಂದ ಬರೀತಿದೀನಿ. 1971ರ ಗಾಡಿ, ಐಡ್ಲಿಂಗ್ ನಿಲ್ಲಲ್ಲ, ಜರ್ಕ್ ಹೊಡಿಯತ್ತೆ. ಮೆಕ್ಯಾನಿಕ್ ಹಳೇ ಎರಡು ಕಾರ್ಬುರೇಟರ್ ತೆಗೆದು ವೆಬರ್ ಕಂಪನಿಯ ಮೂರು ಕಾರ್ಬುರೇಟರ್ ಹಾಕ್ಸಿ ಅಂತಿದಾರೆ.

ಉತ್ತರ: ಬೇಡ, ಈಗ್ಲೇ ಬೇಡ. ಆ ಹಿಟಾಚಿ ಕಾರ್ಬುರೇಟರ್‌ಗಳು ಎಸ್‌ಯು ಮಾದರಿಯವು, ಒಳ್ಳೇವು, ಸೆಟ್ಟಿಂಗ್ ಗೊತ್ತಿಲ್ದೋರು ಅವಕ್ಕೆ ಕೆಟ್ಟ ಹೆಸರು ತಂದಿದಾರೆ ಅಷ್ಟೇ. ಕಾರ್ಬುರೇಟರ್ ಮುಟ್ಟೋದು ಕೊನೆಗೆ. ಮೊದ್ಲು ಇಂಜಿನ್ ತಣ್ಣಗಿರುವಾಗ ವಾಲ್ವ್ ಗ್ಯಾಪ್ ನೋಡಿ, ಇನ್‌ಟೇಕ್ 0.20 ಮಿಮೀ, ಎಕ್ಸಾಸ್ಟ್ 0.25 ಮಿಮೀ. ಆಮೇಲೆ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಗ್ಯಾಪ್ 0.45ರಿಂದ 0.55 ಮಿಮೀ, ಪ್ಲಗ್ ವೈರ್‌ಗಳು 1-5-3-6-2-4 ಕ್ರಮದಲ್ಲಿವೆಯಾ, ಟೈಮಿಂಗ್ ಸರಿ ಇದ್ಯಾ. ಆಮೇಲೆ ಮ್ಯಾನಿಫೋಲ್ಡ್ ಸುತ್ತ ಗಾಳಿ ಎಳೀತಾ ಇದ್ಯಾ, ಥ್ರಾಟಲ್ ಶಾಫ್ಟ್ ಅಲ್ಲಾಡತ್ತಾ. ಇಷ್ಟೆಲ್ಲಾ ಆದ್ಮೇಲೆ ಕಾರ್ಬುರೇಟರಿನ ಮೇಲಿನ ಗುಮ್ಮಟದ ಡ್ಯಾಂಪರ್ ಬಿಚ್ಚಿ ಎಣ್ಣೆ ಇದ್ಯಾ ನೋಡಿ, ಎಷ್ಟೋ ಗಾಡಿಗಳಲ್ಲಿ ಒಣಗೋಗಿರತ್ತೆ, ಆಕ್ಸಲರೇಟರ್ ಕೊಟ್ಟಾಗ ಜರ್ಕ್ ಹೊಡಿಯೋಕೆ ಅದೊಂದೇ ಸಾಕು. ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನ ಬೆರಳಲ್ಲಿ ಎತ್ತಿ ಬಿಟ್ರೆ ಟಕ್ ಅಂತ ಕೆಳಗೆ ಕೂರ್ಬೇಕು. ಕೊನೆಗೆ ಎರಡೂ ಕಾರ್ಬುರೇಟರ್ ಒಂದೇ ಪ್ರಮಾಣದ ಗಾಳಿ ಎಳೀತಿವೆಯಾ ಅಂತ ಮೀಟರ್ ಇಟ್ಟು ಬ್ಯಾಲೆನ್ಸ್ ಮಾಡ್ಸಿ. ಮೂರು ವೆಬರ್‌ನ ಸದ್ದು ನನಗೂ ಇಷ್ಟ, ಆದ್ರೆ ಜೆಟ್, ಅಂದ್ರೆ ಪೆಟ್ರೋಲ್ ಹೋಗೋ ಸಣ್ಣ ತೂತಿನ, ಸೆಟ್ಟಿಂಗ್ ಗೊತ್ತಿರೋರು ಪಕ್ಕದಲ್ಲಿಲ್ದಿದ್ರೆ ಗಾಡಿ ಪೆಟ್ರೋಲ್ ಕುಡ್ಕೊಂಡು ಶೆಡ್‌ನಲ್ಲಿ ನಿಲ್ಲತ್ತೆ.

ಪ್ರಶ್ನೆ: ಈ ಕಾರಿಗೆ ಯಾಕಿಷ್ಟು ಹೆಸರು? — ಹುಬ್ಬಳ್ಳಿಯ ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: 1969ರಲ್ಲಿ ಬಂದಾಗ ಅಮೆರಿಕದಲ್ಲಿ ಇದರ ಬೆಲೆ 3,526 ಡಾಲರ್, ಜಾಗ್ವಾರ್ ಇ-ಟೈಪ್, ಪೋರ್ಷೆ 911 ಎಲ್ಲಾ ಇದಕ್ಕಿಂತ ಬಹಳ ದುಬಾರಿ. ಅಂಥಾ ಚೆಂದದ ಗಾಡಿ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ದಿನಾ ಆಫೀಸಿಗೂ ಓಡಿಸ್ಬೋದು. ಡಿಸೈನ್ ತಂಡದ ಮುಖ್ಯಸ್ಥರು ಯೋಶಿಹಿಕೊ ಮಾತ್ಸುಒ, ಅಮೆರಿಕಕ್ಕೆ ಇಂಥದ್ದೊಂದು ಗಾಡಿ ಬೇಕೇ ಬೇಕು ಅಂತ ಹಟ ಹಿಡಿದಿದ್ದು ಅಲ್ಲಿ ನಿಸಾನ್ ನಡೆಸ್ತಿದ್ದ ಯುಟಾಕಾ ಕತಯಾಮಾ. ಜಪಾನಿನಲ್ಲಿ ಇದರ ಹೆಸರು ಫೇರ್‌ಲೇಡಿ ಝಡ್.

ಪ್ರಶ್ನೆ: ಡೆಟ್ರಾಯಿಟ್ ಹತ್ರ ಇದೀವಿ, ಚಳಿಗಾಲದಲ್ಲಿ ಗಾಡಿ ಹೇಗೆ ಇಡೋದು? ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿದ್ರೆ ಸಾಕಾ?

ಉತ್ತರ: ಅದನ್ನ ಮಾತ್ರ ಮಾಡ್ಬೇಡಿ. ಐದು ನಿಮಿಷಕ್ಕೆ ಇಂಜಿನ್ ಆಯಿಲ್ ಬಿಸಿ ಆಗಲ್ಲ, ಹುಟ್ಟಿದ ನೀರಿನ ಆವಿ ಆಯಿಲ್‌ನಲ್ಲೂ ಸೈಲೆನ್ಸರ್‌ನಲ್ಲೂ ಉಳ್ಕೊಂಡು ತುಕ್ಕು ಹಿಡಿಸತ್ತೆ. ರಸ್ತೆಗೆ ಉಪ್ಪು ಹಾಕೋ ಮುಂಚೆ ಅಡಿಭಾಗ ತೊಳೆದು ಒಣಗಿಸಿ, ಹೊಸ ಆಯಿಲ್ ಹಾಕಿ, ಟ್ಯಾಂಕ್ ತುಂಬಿಸಿ ಪೆಟ್ರೋಲ್ ಸ್ಟೆಬಿಲೈಸರ್ ಹಾಕಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಬ್ಯಾಟರಿ ಬಿಚ್ಚಿ ಒಳಗಿಡಿ, ಟೈರಿಗೆ ಗಾಳಿ ಸ್ವಲ್ಪ ಜಾಸ್ತಿ ಇರ್ಲಿ, ಹ್ಯಾಂಡ್‌ಬ್ರೇಕ್ ಹಾಕದೆ ಚಕ್ರಕ್ಕೆ ಕಲ್ಲು ಕೊಡಿ. ವಸಂತದಲ್ಲಿ ಹೊರಗೆ ತೆಗೆಯುವಾಗ ಹಿಂದೆ ಬ್ರೇಕ್ ಆಯಿಲ್ ಹಾಕ್ಸಿ ಎರಡು ವರ್ಷ ಆಗಿದ್ರೆ ಹೊಸದು ಹಾಕ್ಸಿ. ಟೈರಿನ ಪಕ್ಕದಲ್ಲಿರೋ ಕೊನೇ ನಾಲ್ಕು ಅಂಕಿನೂ ಓದಿ, ಮೊದಲೆರಡು ಟೈರ್ ತಯಾರಾದ ವಾರ, ಆಮೇಲಿನೆರಡು ವರ್ಷ. ಕಮ್ಮಿ ಓಡೋ ಗಾಡಿಯ ಟೈರ್ ಸವೆಯೋಕಿಂತ ಮುಂಚೆ ವಯಸ್ಸಾಗಿ ಗಟ್ಟಿಯಾಗತ್ತೆ, ಹತ್ತು ವರ್ಷ ದಾಟಿದ್ರೆ ಟೈರಿನ ಮೇಲಿನ ಗೆರೆ (ಟ್ರೆಡ್) ಎಷ್ಟೇ ಇದ್ರೂ ಬದಲಾಯ್ಸಿ ಓಡಿಸಿ.