ತೊಂಬತ್ತರ ವೇಗದಲ್ಲಿ ನಡುಗುವ ಸ್ಟೇರಿಂಗ್

ಪ್ರಶ್ನೆ: ಮಾನ್ಯರೇ, ನನ್ನ ಬಳಿ ಆರು ವರ್ಷ ಹಳೆಯದಾದ, ಮುಂದಿನ ಚಕ್ರಗಳಿಂದ ಚಲಿಸುವ ಸಣ್ಣ ಕಾರೊಂದಿದೆ. ಸಿರುಗುಪ್ಪದ ಮೂಲಕ ಬಳ್ಳಾರಿಗೆ ಮೇಲಿಂದ ಮೇಲೆ ಹೋಗಿಬರುತ್ತೇನೆ. ಭತ್ತದ ಗದ್ದೆಗೂ ಅದೇ ಕಾರಿನಲ್ಲಿ ಹೋಗುತ್ತೇನೆ. ಮಳೆಗಾಲ ಮುಗಿದಾಗಿನಿಂದ ಗಂಟೆಗೆ 80 ಕಿ.ಮೀ. ದಾಟಿದೊಡನೆ ಸ್ಟೇರಿಂಗ್ ಅದುರಲು ತೊಡಗುತ್ತದೆ, 90ರಲ್ಲಿ ಕೈ ಜುಮ್ಮೆನ್ನುವಷ್ಟಾಗುತ್ತದೆ, 105ರ ಆಚೆಗೆ ಕಡಿಮೆಯಾಗುತ್ತದೆ. ಬ್ರೇಕ್ ಒತ್ತಿದರೆ ಹೆಚ್ಚಾಗುವುದಿಲ್ಲ. ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಎರಡನ್ನೂ, ಅಂದರೆ ಚಕ್ರಗಳ ಕೋನ ಸರಿಪಡಿಸುವುದನ್ನೂ ಅವುಗಳ ತೂಕ ಸಮಮಾಡುವುದನ್ನೂ, ಮಾಡಿಸಿದೆ. ಯಂತ್ರ ತೂಕದ ವ್ಯತ್ಯಾಸ ಸೊನ್ನೆ ಎಂದು ತೋರಿಸಿತು, ಕೆಲವು ದಿನ ಸರಿಯಿತ್ತು, ಮತ್ತೆ ಶುರುವಾಯಿತು. ಈಗ ಮೆಕ್ಯಾನಿಕ್ ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಮತ್ತು ಸ್ಟೇರಿಂಗ್ ರ‍್ಯಾಕ್ (ಸ್ಟೇರಿಂಗಿನ ತಿರುವನ್ನು ಚಕ್ರಗಳಿಗೆ ಮುಟ್ಟಿಸುವ ಹಲ್ಲಿನ ಪಟ್ಟಿ) ಬದಲಿಸಬೇಕೆನ್ನುತ್ತಾರೆ. ಅಷ್ಟು ಹಣ ಹಾಕುವ ಮೊದಲು ತಮ್ಮ ಅಭಿಪ್ರಾಯ ಬೇಕು.
– ಓದುಗರು, ಸಿಂಧನೂರು

ಉತ್ತರ: ದಯವಿಟ್ಟು ಈಗಲೇ ಯಾವ ಬಿಡಿಭಾಗವನ್ನೂ ಬದಲಿಸಬೇಡಿ. ನೀವು ಬರೆದಿರುವ ಲಕ್ಷಣಗಳು ಬಹುಮಟ್ಟಿಗೆ ಚಕ್ರಗಳ ಕಡೆಗೇ ಬೆರಳು ತೋರಿಸುತ್ತಿವೆ. ಒಂದು ನಿರ್ದಿಷ್ಟ ವೇಗದಲ್ಲಿ ಹುಟ್ಟಿ, ಇನ್ನೊಂದು ವೇಗದಲ್ಲಿ ಇಳಿಯುವ ನಡುಕ ತೂಕದ ಅಸಮತೋಲನದ ಗುರುತು. ನಿಮ್ಮ ಗಾತ್ರದ ಕಾರಿನ 14 ಇಂಚಿನ ಚಕ್ರ 90 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 13ರಿಂದ 14 ಸುತ್ತು ತಿರುಗುತ್ತದೆ. ಮುಂದಿನ ಸಸ್ಪೆನ್ಶನ್ ಮತ್ತು ಸ್ಟೇರಿಂಗ್ ಜೋಡಣೆಗೆ ತನ್ನದೇ ಆದ ಒಂದು ಸಹಜ ಕಂಪನವಿದ್ದು, ಅದೂ ಹೆಚ್ಚುಕಡಿಮೆ ಇದೇ ಆಸುಪಾಸಿನಲ್ಲಿರುತ್ತದೆ. ಎರಡೂ ಕೂಡಿದಾಗ ನಡುಕ ಹಿಗ್ಗುತ್ತದೆ, ವೇಗ ಇನ್ನೂ ಏರಿ ಹೊಂದಾಣಿಕೆ ತಪ್ಪಿದಾಗ ಕುಗ್ಗುತ್ತದೆ.

ತೂಕದ ವ್ಯತ್ಯಾಸ ಎಷ್ಟು ಸಣ್ಣದಿದ್ದರೂ ಸಾಕು ಎಂಬುದನ್ನು ಅನೇಕರು ನಂಬುವುದಿಲ್ಲ. ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರಿಗೆ, ಅಂಗೈಯಲ್ಲಿ ಹಗುರವಾಗಿದ್ದ ಕಲ್ಲು ತಿರುಗುವಾಗ ಎಷ್ಟು ಜಗ್ಗುತ್ತದೆಂಬುದು ಗೊತ್ತಿರುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದೇ ಕಡೆ 30 ಗ್ರಾಂ ಹೆಚ್ಚಿದ್ದರೆ, 90 ಕಿ.ಮೀ. ವೇಗದಲ್ಲಿ ಅದು ಸುಮಾರು 4 ಕೆ.ಜಿ. ತೂಕದಷ್ಟು ಬಲದಿಂದ ಚಕ್ರವನ್ನು ಪ್ರತಿ ಸುತ್ತಿಗೂ ಎಳೆಯುತ್ತದೆ. ವೇಗ ಅರ್ಧವಾದರೆ ಈ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದಲೇ ಊರೊಳಗಿನ ಓಡಾಟದಲ್ಲಿ ನಿಮಗೆ ಏನೂ ತಿಳಿಯುವುದಿಲ್ಲ.

ಗದ್ದೆಗೆ ಹೋಗುತ್ತೇನೆಂದು ನೀವು ಬರೆದಿರುವ ಮಾತು ನನಗೆ ಬಹಳ ಮುಖ್ಯವೆನಿಸಿತು. ಸಿಂಧನೂರು, ಸಿರುಗುಪ್ಪ, ಕಾರಟಗಿ ಭಾಗದ ಎರೆಮಣ್ಣು ಹಸಿಯಿದ್ದಾಗ ಅಂಟಿನಂತೆ ಹಿಡಿದು, ಒಣಗಿದ ಮೇಲೆ ಹೆಂಚಿನಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ಕಾರು ತೊಳೆದಾಗ ಕಾಣುವ ಮಣ್ಣು ಹೋಗುತ್ತದೆಯೇ ಹೊರತು, ರಿಮ್ಮಿನ ಒಳಮೈಯಲ್ಲಿ, ಬ್ರೇಕಿನ ಕಡೆಗಿರುವ ಅಂಚಿನಲ್ಲಿ ಕಟ್ಟಿಕೊಂಡ ಗಡ್ಡೆ ಹಾಗೆಯೇ ಉಳಿಯುತ್ತದೆ. ಆ ಗಡ್ಡೆಯ ಸಮೇತ ಚಕ್ರವನ್ನು ಯಂತ್ರಕ್ಕೇರಿಸಿದರೆ ಯಂತ್ರ ಮಣ್ಣಿನ ತೂಕವನ್ನೂ ಲೆಕ್ಕಕ್ಕೆ ಹಿಡಿದು, ಎದುರು ಬದಿಗೆ ತೂಕ ಕೂರಿಸಲು ಹೇಳಿ, ಪ್ರಾಮಾಣಿಕವಾಗಿಯೇ ಸೊನ್ನೆ ತೋರಿಸುತ್ತದೆ. ಮುಂದೆ ರಸ್ತೆಯ ಹೊಡೆತಕ್ಕೆ ಮಣ್ಣು ಉದುರಿದ ದಿನ, ಸರಿಪಡಿಸಲೆಂದು ಹಾಕಿದ ತೂಕವೇ ದೋಷವಾಗಿ ನಿಲ್ಲುತ್ತದೆ. ಕೆಲವು ದಿನ ಸರಿಯಿದ್ದು ಮತ್ತೆ ಶುರುವಾಯಿತೆಂಬ ನಿಮ್ಮ ಅನುಭವಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಬ್ಯಾಲೆನ್ಸಿಂಗ್ ಆದ ಮೇಲೆ ಪುನಃ ಗದ್ದೆಗೆ ಇಳಿದಿದ್ದರೆ ಹೊಸ ಮಣ್ಣು ಸೇರಿಯೂ ಹೀಗಾಗಬಹುದು.

ಆದ್ದರಿಂದ ಮೊದಲು ನಾಲ್ಕೂ ಚಕ್ರಗಳನ್ನು ಬಿಚ್ಚಿಸಿ, ಒಳಮೈಗೆ ನೀರು ಹೊಡೆಸಿ, ಮರದ ಚಕ್ಕೆಯಿಂದ ಕೆರೆಸಿ, ಹಬ್‌ (ಚಕ್ರವನ್ನು ಬೋಲ್ಟಿನಿಂದ ಬಿಗಿಯುವ ನಡುಭಾಗ) ಕೂರುವ ಜಾಗದ ತುಕ್ಕನ್ನೂ ತಂತಿ ಬ್ರಷ್ಷಿನಿಂದ ಉಜ್ಜಿಸಿ. ಆ ಜಾಗದಲ್ಲಿ ತುಕ್ಕಿನ ಪದರವೋ ಮರಳಿನ ಕಾಳೋ ಸಿಕ್ಕಿಕೊಂಡರೆ ಚಕ್ರ ಓರೆಯಾಗಿ ಕೂರುತ್ತದೆ. ಹಾಗಾದಾಗ ಯಂತ್ರದ ಮೇಲೆ ನೇರವಾಗಿ ತಿರುಗಿದ ಚಕ್ರ ಕಾರಿನ ಮೇಲೆ ಅಲುಗುತ್ತದೆ. ಚಕ್ರಗಳು ಕೈಯಲ್ಲಿರುವಾಗಲೇ ಟೈರುಗಳ ಮೇಲೆ ಕೈಯಾಡಿಸಿ ನೋಡಬೇಕು. ಬದಿಯಲ್ಲಿ ಗುಳ್ಳೆ ಎದ್ದಿದ್ದರೆ, ಅಥವಾ ಮೇಲ್ಮೈಯ ಒಂದು ಭಾಗ ಉಬ್ಬಿದ್ದರೆ, ಒಳಗಿನ ಹುರಿ ತುಂಡಾಗಿದೆ ಅಥವಾ ಪದರ ಬಿಟ್ಟಿದೆ ಎಂದರ್ಥ. ಅಂಥ ಟೈರಿನಲ್ಲಿ ಹೆದ್ದಾರಿಗೆ ಹೋಗಲೇಬಾರದು. ನಮ್ಮ ಭಾಗದ ಬೇಸಿಗೆಯ ಬಿಸಿಗೆ ಅದು ಓಟದಲ್ಲಿಯೇ ಸಿಡಿಯಬಹುದು. ಟೈರಿನ ವಯಸ್ಸನ್ನು ಬದಿಯಲ್ಲಿರುವ ನಾಲ್ಕು ಅಂಕಿಗಳು ತಿಳಿಸುತ್ತವೆ: 3219 ಎಂದಿದ್ದರೆ 2019ನೇ ಇಸವಿಯ 32ನೇ ವಾರದಲ್ಲಿ ತಯಾರಾದದ್ದು.

ಇದಾದ ಮೇಲೆ ಮತ್ತೆ ಬ್ಯಾಲೆನ್ಸಿಂಗ್ ಮಾಡಿಸಿ, ಆದರೆ ಪಕ್ಕದಲ್ಲಿ ನಿಂತು ಮಾಡಿಸಿ. ಹಳೆಯ ತೂಕಗಳನ್ನೆಲ್ಲ ಕಿತ್ತು ಹೊಸದಾಗಿ ಆರಂಭಿಸಲಿ. ಚಕ್ರ ತಿರುಗುವಾಗ ರಿಮ್ಮಿನ ಅಂಚನ್ನು ಗಮನಿಸಿ: ಅಂಚು ಮೇಲೆ ಕೆಳಗೆ ಅಥವಾ ಅತ್ತಿತ್ತ ಓಲಾಡಿದರೆ ರಿಮ್ ಬೆಂಡಾಗಿದೆ, ಅಂಚು ನೆಟ್ಟಗಿದ್ದು ರಬ್ಬರ್ ಮಾತ್ರ ಓಲಾಡಿದರೆ ದೋಷ ಟೈರಿನದು. ರಿಮ್ಮಿನ ಅಗಲ, ವ್ಯಾಸ, ಯಂತ್ರದಿಂದ ರಿಮ್ಮಿಗಿರುವ ದೂರ ಎಂಬ ಮೂರು ಅಳತೆಗಳನ್ನು ಯಂತ್ರಕ್ಕೆ ಕೊಡಬೇಕಾಗುತ್ತದೆ. ಹಿಂದಿನ ಗಿರಾಕಿಯ ಚಕ್ರದ ಅಳತೆಯೇ ಉಳಿದುಬಿಟ್ಟಿದ್ದರೆ ಬರುವ ಸೊನ್ನೆಗೆ ಬೆಲೆಯಿಲ್ಲ. ಸೊನ್ನೆ ಬಂದ ಬಳಿಕ ಚಕ್ರವನ್ನು ಸಡಿಲಿಸಿ, ಅರ್ಧ ಸುತ್ತು ತಿರುಗಿಸಿ ಕೂರಿಸಿ, ಇನ್ನೊಮ್ಮೆ ತಿರುಗಿಸಲು ಕೇಳಿ. ಆಗ 5 ಗ್ರಾಂ ವ್ಯತ್ಯಾಸ ಬಂದರೆ ಚಿಂತೆಯಿಲ್ಲ. 20, 25 ಗ್ರಾಂ ಬಂದರೆ ಚಕ್ರ ಯಂತ್ರದ ಮಧ್ಯಕ್ಕೆ ಸರಿಯಾಗಿ ಕೂತಿರಲಿಲ್ಲ. ಒಂದೇ ಚಕ್ರಕ್ಕೆ ಬಹಳಷ್ಟು ತೂಕ ಬೇಕಾದರೆ, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ಸರಿಸಿ ಹಾಕಿಸಿದಾಗ ಎಷ್ಟೋ ವೇಳೆ ಅದು ಇಳಿಯುತ್ತದೆ. ಇಷ್ಟನ್ನು ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ಕೆಲಸಗಾರರು ಇದಕ್ಕೆ ಬೇಸರಪಡುವುದಿಲ್ಲ.

ಅಲೈನ್‌ಮೆಂಟಿನ ಬಗ್ಗೆ ಒಂದು ಮಾತು. ಅದು ಕೆಟ್ಟರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟೈರು ಓರೆಯಾಗಿ ಸವೆಯುತ್ತದೆ. ಆದರೆ ಈ ಬಗೆಯ ನಡುಕ ಅದರಿಂದ ನೇರವಾಗಿ ಬರುವುದಿಲ್ಲ. ನಡುಕಕ್ಕೆಂದು ಹೋದವರಿಗೆ ಅಲೈನ್‌ಮೆಂಟ್ ಮಾತ್ರ ಮಾಡಿ ಕಳುಹಿಸುವುದು ಸರಿಯಲ್ಲವೆಂದು ನನ್ನ ದೃಢ ಅಭಿಪ್ರಾಯ.

ಬ್ಯಾಲೆನ್ಸಿಂಗ್ ನಂತರವೂ ಅನುಮಾನ ಉಳಿದರೆ ಮುಂದಿನ ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿಸಿ, ಒಂದು ದಿಕ್ಕಿನ ಬಾಣದ ಗುರುತಿರುವ ಟೈರಾದರೆ ಅದೇ ಬದಿಯಲ್ಲಿಯೇ ಅದಲುಬದಲು ಮಾಡಿಸಿ, ನಸುಕಿನಲ್ಲಿ ರಸ್ತೆ ಖಾಲಿಯಿರುವಾಗ ವೇಗದ ಮಿತಿಯೊಳಗೇ ಓಡಿಸಿ ನೋಡಿ. ಸ್ಟೇರಿಂಗಿನ ನಡುಕ ಹೋಗಿ ಸೀಟಿನಲ್ಲಿಯೋ ನೆಲದಲ್ಲಿಯೋ ಕಾಣಿಸಿಕೊಂಡರೆ ದೋಷ ಚಕ್ರದಲ್ಲಿಯೇ ಇದೆ ಎಂಬುದು ಖಚಿತ. ಸ್ವಲ್ಪವೂ ಬದಲಾಗದಿದ್ದರೆ ಆಗ ಮಾತ್ರ ಮುಂಭಾಗವನ್ನು ಜಾಕ್ ಮೇಲೆತ್ತಿ, ಭದ್ರವಾದ ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಒಮ್ಮೆ, ಎಡಬಲ ಹಿಡಿದು ಇನ್ನೊಮ್ಮೆ ಅಲುಗಾಡಿಸಬೇಕು. ಮೇಲೆ ಕೆಳಗೆ ಹಿಡಿದಾಗ ಆಟ, ಅಂದರೆ ಸಡಿಲ, ಇದ್ದರೆ ದೋಷ ಬೇರಿಂಗಿನದು ಅಥವಾ ಬಾಲ್ ಜಾಯಿಂಟಿನದು (ಸಸ್ಪೆನ್ಶನ್ನಿನ ಗುಂಡು ಕೀಲು), ಎಡಬಲದಲ್ಲಿ ಮಾತ್ರ ಆಟವಿದ್ದರೆ ಹೆಚ್ಚಾಗಿ ಟೈ ರಾಡ್ ಎಂಡಿನದು (ಸ್ಟೇರಿಂಗ್ ಸರಳು ಚಕ್ರಕ್ಕೆ ಸೇರುವ ಕೀಲು). ಮೆಕ್ಯಾನಿಕ್ ಹೇಳಿದ ಶಾಕ್ ಅಬ್ಸಾರ್ಬರ್ ಸೋತಿದ್ದರೆ ನಡುಕ ಬೇಗ ಅಡಗುವುದಿಲ್ಲ ಎಂಬುದು ನಿಜ, ಆದರೆ ನಡುಕವನ್ನು ಅದು ಹುಟ್ಟಿಸುವುದಿಲ್ಲ. ಅದರ ಮೈಮೇಲೆ ಎಣ್ಣೆ ಸೋರಿಕೆಯಿದೆಯೇ ಎಂದು ಕಣ್ಣಾರೆ ನೋಡಿದ ಮೇಲೆಯೇ ತೀರ್ಮಾನಿಸಿ. ರ‍್ಯಾಕ್ ಅನ್ನು ಕೊನೆಗಿರಿಸಿ.

ಬ್ರೇಕಿನ ವಿಷಯವನ್ನು ನೀವೇ ಗಮನಿಸಿ ಬರೆದದ್ದು ಒಳ್ಳೆಯದಾಯಿತು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿದ್ದರೆ ಬ್ರೇಕ್ ಡಿಸ್ಕ್ ಸಮನಾಗಿ ಸವೆದಿಲ್ಲವೆಂದು ಹೇಳಬಹುದಿತ್ತು. ನಿಮ್ಮ ಕಾರಿಗೆ ಅದು ಅನ್ವಯಿಸುವುದಿಲ್ಲ.

ಪ್ರಶ್ನೆ: ನಮ್ಮದು ಹಿಂದಿನ ಚಕ್ರಗಳಿಂದ ಚಲಿಸುವ ಜೀಪು ಮಾದರಿಯ ವಾಹನ. ಕುಷ್ಟಗಿ ದಾಟಿ ನಾಲ್ಕು ಪಥದ ಹೆದ್ದಾರಿಗೆ ಬಂದು 70ರ ಮೇಲೆ ಹೋದಾಗ ಸ್ಟೇರಿಂಗ್ ಶಾಂತವಾಗಿರುತ್ತದೆ, ಆದರೆ ನೆಲ ಗುಂಯ್‌ಗುಡುತ್ತ ಅದುರುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಇಳಿಯುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿಯೂ ಪ್ರಯೋಜನವಾಗಲಿಲ್ಲ.
– ಓದುಗರು, ಕೊಪ್ಪಳ

ಉತ್ತರ: ನಿಮ್ಮದು ಬೇರೆಯೇ ಕಾಯಿಲೆ. ಗೇರ್ ಪೆಟ್ಟಿಗೆಯಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುವುದರಿಂದ ಅದರ ಕಂಪನ ಕೈಗೆ ಬಡಿಯುವ ನಡುಕವಾಗದೆ, ನೆಲದ ಮೂಲಕ ಗುಂಯ್‌ಗುಡುವ ಅದುರಾಗಿ ಬರುತ್ತದೆ. ಎಂಜಿನ್ ಎಳೆಯುವಾಗ ಹೆಚ್ಚಿ, ಬಿಟ್ಟಾಗ ಇಳಿಯುವುದೂ ಅದನ್ನೇ ಸೂಚಿಸುತ್ತದೆ. ಅದೇ ವೇಗದಲ್ಲಿ ಒಂದು ಗೇರ್ ಕೆಳಗಿಳಿಸಿ ನೋಡಿ. ಎಂಜಿನ್ನಿನ ಸುತ್ತು ಏರಿದರೂ ಅದುರು ಮೊದಲಿನಂತೆಯೇ ಇದ್ದರೆ ಎಂಜಿನ್ ಮತ್ತು ಅದರ ಮೌಂಟಿಂಗುಗಳನ್ನು ಬಿಟ್ಟು ಶಾಫ್ಟಿನ ಕಡೆಗೆ ಬನ್ನಿ. ಯು.ಜೆ. ಕ್ರಾಸ್ (ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟ್ ಎಂಬ ಕೀಲಿನ ಕೂಡುಗುರುತಿನಾಕಾರದ ಭಾಗ) ಸವೆದಿದ್ದರೆ ಗೇರಿಗೆ ಹಾಕಿ ಕ್ಲಚ್ ಬಿಡುವಾಗ ಟಕ್ಕೆಂಬ ಸದ್ದು ಕೇಳಿಸುತ್ತದೆ. ಶಾಫ್ಟಿಗೆ ಬೆಸುಗೆ ಹಾಕಿರುವ ಸಣ್ಣ ತೂಕದ ಪಟ್ಟಿ ಕಿತ್ತುಹೋಗಿದೆಯೇ ಎಂಬುದನ್ನೂ, ಎರಡು ತುಂಡಿನ ಶಾಫ್ಟಾದರೆ ನಡುವಿನ ಬೇರಿಂಗಿನ ರಬ್ಬರನ್ನೂ ಪರೀಕ್ಷೆ ಮಾಡಿಸಿ. ಇತ್ತೀಚೆಗೆ ಕ್ಲಚ್ ಅಥವಾ ಕ್ರಾಸ್ ಕೆಲಸಕ್ಕೆಂದು ಶಾಫ್ಟ್ ಬಿಚ್ಚಿದ್ದರೆ ಅಲ್ಲಿಂದಲೇ ಆರಂಭಿಸಿ. ಬಿಚ್ಚುವ ಮೊದಲು ಸುಣ್ಣದಲ್ಲಿಯೋ ಬಣ್ಣದಲ್ಲಿಯೋ ಗುರುತು ಹಾಕಿ, ಮರಳಿ ಅದೇ ಗುರುತಿಗೆ ಜೋಡಿಸಬೇಕು. ಕ್ರಾಸನ್ನು ಹಿಡಿಯುವ ತುದಿಗಳ ಕವಲುಗಳು ಒಂದು ಹಲ್ಲು ಆಚೀಚೆ ಕೂತರೂ ಹೊಸ ಕ್ರಾಸ್ ಹಾಕಿದ ವಾಹನ ಮೊದಲಿಗಿಂತ ಹೆಚ್ಚು ಅದುರುತ್ತದೆ.